ಒಂಬತ್ತೂವರಿ ಧಾರಾವಾಹಿ

ಗಿರಾಕಿ ತೆಳ್ಳಗಾದ ಮ್ಯಾಲೆ
ಜಮಖಂಡಿ ಸ್ಟ್ಯಾಂಡಿನ ಹಿಂದಿನ ಖಾನಾವಳ್ಯಾಗ
ಒಲಿ ಆರಸೂದಿಲ್ಲ, ಟಿವಿ ಹಚ್ಚತೇವು.
ಅಲ್ಲೂ ಒಂದು ಅಡಗಿಮನಿ. ಪೂರಾ ಸ್ಟೀಲು.
ಹಿಟ್ಟು ಚೆಲ್ಲಿದ ನೆಲ ಹುಡುಕಿದರೂ ಇಲ್ಲ.

‘ಆಕಿ ಕೈ ನೋಡು,’ ಅಂತಾಳ ಸಾತವ್ವ,
‘ಒಂದರೆ ಸುಟ್ಟ ಕಲೆ ಐತೇನ?
ಇಪ್ಪತ್ತು ವರ್ಷದಿಂದ ಒಲಿ ಮುಂದ ಅದಾಳಂತ!’
ಅಂದು, ತನ್ನ ಮೊಣಕೈ ಮ್ಯಾಲೆ
ಸೆರಗು ಎಳಕೋತಾಳ.

ಹುಸೇನಬಿಗೆ ಬ್ಯಾರೆ ಸಿಟ್ಟು.
ಮೂರು ತಿಂಗಳಾತು, ಅಲ್ಲಿ ಯಾರೂ ಭಾಂಡೆ ತಿಕ್ಕಿಲ್ಲ.
ತಾಟು ಎದ್ದು ಹೋಗತಾವ,
ತಾವ ಹೊಳಕೋತ ತಿರಗಿ ಬರತಾವ.
‘ನನ್ನಂಥಾಕಿ ಒಬ್ಬಾಕಿ ಇರಬೇಕಲ್ಲ
ಆ ಬಾಗಲದ ಹಿಂದ?
ಆಕಿನ್ನ ಯಾಕ ತೋರಸಂಗಿಲ್ಲ?’

ಗಲ್ಲೇದಾಗ ಚಿಲ್ಲರ ಎಣಿಸಿಕೋತ ಈರಸಂಗಪ್ಪ:
ಹನ್ನೆರಡು ಆಳು, ನಾಕ ಮೇಜು,
ಆ ಹೋಟೆಲ್ ಎಂದೋ ಮುಚ್ಚಬೇಕಿತ್ತು.

ನಾ ಏನೂ ಅನ್ನೂದಿಲ್ಲ.
ನನಗ ಆ ಹುಡುಗ ಸೇರತಾನ,
ಉಳ್ಳಾಗಡ್ಡಿ ಹೆಚ್ಚೂ ನೆವದಾಗ ಅಳಾಂವ.
ನಮ್ಮಲ್ಲಿ ಉಳ್ಳಾಗಡ್ಡಿ ಮುಷ್ಟಿಲೆ ಗುದ್ದತೇವು,
ಅಷ್ಟು ಹೊತ್ತು ಸಿಗೂದಿಲ್ಲ.

ನಿನ್ನೆ ದೊಡ್ಡ ಸ್ಪರ್ಧೆ. ಆಕಿ ಗೆದ್ದಳು.
ಮಂದಿ ಎದ್ದು ಚಪ್ಪಾಳಿ ಬಡದರು,
ಸಾತವ್ವ ರೊಟ್ಟಿ ಬಡೀತಿದ್ದಳು,
ಯಾವ ಸಪ್ಪಳ ಎಲ್ಲಿಂದು
ಒಂದು ಗಳಿಗಿ ತಿಳೀಲಿಲ್ಲ.
ಮುಂಜಾನಿ ಬುತ್ತಿಗೆ ಇನ್ನೂ ನಲವತ್ತು ಬಾಕಿ.

‘ಉಪ್ಪು ಕಡಿಮಿ ಬಿದ್ದೈತಿ ಅದಕ್ಕ,’
ಅಂದಳು ಸಾತವ್ವ, ಹಂಚಿನ ಕಡೆ ತಿರಗಿ.
ನಿನಗ ಹೆಂಗ ಗೊತ್ತು ಬೇ?
‘ತಿಂದಾಂವನ ಮಾರಿ ನೋಡಿಲ್ಲೇನು.’