ಲಗಮಣ್ಣನ ಪದ

ಶಿವಡಿ ಬಂದರದಾಗ ದಿನವೆಲ್ಲ ಗೋಣಿ ಇಳಿಸಿ
ರಾತ್ರಿ ಚಾಳಿನ ಮೆಟ್ಟಿಲ ಕೆಳಗ ತುಂತುಣಿ ಹಿಡೀತೀನಿ.

‘ಲಗಮಣ್ಣನ ಪದ ಹಾಡೋ’ ಅಂತಾರ ಹುಡುಗರು.
ಹಾಡತೀನಿ:
ಅವ ಸೇಠನ ಗೋದಾಮು ಒಡದದ್ದು,
ಓಣಿಗೆಲ್ಲ ಅಕ್ಕಿ ಅಳದದ್ದು,
ಸಮುದ್ರಕ್ಕ ಹಾರಿ
ಪೊಲೀಸರಿಗೆ ಬರೇ ಚಪ್ಪಲಿ ಬಿಟ್ಟದ್ದು.

ಹವಾಲ್ದಾರ ಶಿಂತ್ರೆ ಮೊನ್ನೆ ತಂತಿ ಕಿತ್ತ:
‘ಕಳ್ಳನ್ನ ದೇವರು ಮಾಡ್ತೀಯೇನಲೇ?’
ಹೋಗುವಾಗ ಅದೇ ಧಾಟಿ ಗುನುಗಿಕೋತ ಹೋದ.

ನಕ್ಕಿವಿ. ಹೊಸ ತಂತಿ ಬಿಗದಿವಿ.

ನಿನ್ನೆ ಮೂರನೇ ಖೋಲಿಯ ತಂಗೆವ್ವ
ಬಂದು ಕುಂತು ಪೂರಾ ಕೇಳಿದಳು.
‘ಆ ರಾತ್ರಿ ಗೋದಾಮಿಗೆ ಕಾವಲಿದ್ದವ
ನನ್ನ ಗಂಡ.
ಅವನ ಹೆಸರು ಯಾವ ನುಡಿಯೊಳಗ ಬರತದ, ತಮ್ಮಾ?’

ಹುಡುಗರು ಬೀಡಿ ಆರಿಸಿದರು.

ಭರಮಪ್ಪ.
ಪ್ರಾಸ ಬೇಕಾದಷ್ಟು ಸಿಗತಾವ.
ಧಾಟಿ ಸಿಗವಲ್ದು.