ಐದಕ್ಕೆ ಅರೆಕಾಲು ಕಡಿಮೆ

"ಟೀಚರೇ, ಇದು ಇದರದ್ದಲ್ಲ."
ಕಾರಿನಡಿಯಿಂದ ಅಂಬು ಮೇಸ್ತ್ರಿಯ ದನಿ.
ಹವಾಯಿ ಚಪ್ಪಲಿ ಎರಡು ಹೊರಗೆ, ಮಿಕ್ಕ ಮನುಷ್ಯ ಒಳಗೆ.
ಉಪ್ಪಳದ ಹೆದ್ದಾರಿ ಬದಿಯ ಶೆಡ್ಡು,
ರಸ್ತೆ ಅಗಲವಾದಾಗ ಅರ್ಧ ಹೋದ ಗೋಡೆ,
ಅದರಾಚೆ ನೀರು ಸುರಿಸುತ್ತ ಮೀನಿನ ಲಾರಿಗಳು.

ಕಾರು ಅಂಬಾಸಿಡರು, ಅದರಲ್ಲಿ ತಕರಾರಿಲ್ಲ.
ಮೂತಿ, ಬಾಗಿಲು, ಸೀಟಿನೊಳಗಿನ ನಾರು, ಎಲ್ಲ ಅದರದ್ದೇ.
ಹಿಂದಿನ ಆಕ್ಸಲ್ ಮಾತ್ರ ಯಾರದೋ.
ಪೆರ್ಲದ ಏರಿನಲ್ಲಿ ಎಡಚಕ್ರದ ಬೇರಿಂಗು ಅಳುತ್ತಿತ್ತು;
ಹೊಸತು ತರಬೇಕಾದರೆ ಮೊದಲು ಹೇಳಬೇಕು, ಯಾವುದರದ್ದೆಂದು.
ಈ ಪ್ರಶ್ನೆ ನಮಗೆ ಹೊಸತಲ್ಲ.
ಗಣತಿಯವ ಬಾಗಿಲಲ್ಲಿ ನಿಂತು ಕೇಳುತ್ತಾನೆ ಮನೆಮಾತು ಯಾವುದೆಂದು.
ಅತ್ತೆಗೊಂದು, ಮಕ್ಕಳಿಗೊಂದು, ಕೋಳಿ ಓಡಿಸಲಿಕ್ಕೆ ಇನ್ನೊಂದು.
ಅವನ ಕಾಗದದಲ್ಲಿ ಇರುವುದು ಒಂದೇ ಚೌಕ.

ಸೀಮೆಎಣ್ಣೆ, ತಂತಿಯ ಬ್ರಶ್ಶು. ಮೂವತ್ತು ವರ್ಷದ ಮಣ್ಣು
ಹಪ್ಪಳದ ಹಾಗೆ ಎದ್ದು ಬಂತು.
ಕೆಳಗೆ ಎರಕದ ಒಂದು ಅಂಕಿ:
ಮೂರು, ಅಥವಾ ಸವೆದ ಎಂಟು.
"ಮುಚ್ಚಳಕ್ಕೆ ಬೋಲ್ಟು ಹತ್ತಿದ್ದರೆ ಜೀಪು ಅನ್ನಬಹುದಿತ್ತು."
ಎಂಟು ಇತ್ತು. ಒಂಬತ್ತನೆಯ ತೂತಿಗೆ ಯಾರೋ ಎಂ-ಸೀಲ್ ತುಂಬಿದ್ದರು.

ಆಮೇಲೆ ಲೆಕ್ಕ.
ಎಡಚಕ್ರ ನೆಲದಲ್ಲಿ, ಕಲ್ಲು ಕೊಟ್ಟು.
ಬಲಗಡೆಯದು ಜಾಕಿಯ ಮೇಲೆ, ನನ್ನ ಕೈಯಲ್ಲಿ.
ಒಂದು ಸುಮ್ಮನಿದ್ದರೆ ಇನ್ನೊಂದು ಇಮ್ಮಡಿ ತಿರುಗಬೇಕು,
ಅದು ಡಿಫರೆನ್ಶಿಯಲಿನ ಸಂಸಾರ.
ಶಾಫ್ಟಿಗೆ ನನ್ನದೇ ಚೀಲದ ಸೀಮೆಸುಣ್ಣದ ಗೀಟು.
ನಾನು ಎರಡು ಸುತ್ತು ಸುತ್ತಿದೆ, ಅವನು ಗೀಟು ಎಣಿಸಿದ.
"ನಾಲ್ಕು ಬಿಂದು ಎಂಟು ಏಳು ಐದು" ಎಂದೆ.
"ಐದಕ್ಕೆ ಅರೆಕಾಲು ಕಡಿಮೆ" ಎಂದ.
ಅಜ್ಜಿ ತುಪ್ಪ ಅಳೆಯುತ್ತಿದ್ದ ಅರೆಕಾಲು.
ಅವನ ಮಲಯಾಳದಲ್ಲೂ ಅದೇ ಅಂತೆ.

ಮುಚ್ಚಳ ಬಿಚ್ಚಿದರೆ ಕಾಕಂಬಿಯಂಥ ಎಣ್ಣೆ, ಗಂಧಕದ ನಾತ,
ಅದರಡಿಯಲ್ಲಿ ಹೊಳೆಯುವ ಹಲ್ಲುಗಳು.
ದೊಡ್ಡದಕ್ಕೆ ಮೂವತ್ತೊಂಬತ್ತು, ಚಿಕ್ಕದಕ್ಕೆ ಎಂಟು.
ಒಂದನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲ.
ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ ಇದನ್ನು;
ಯಾತಕ್ಕೆಂದು ಒಂದು ಮಗುವೂ ಕೇಳಲಿಲ್ಲ,
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.
ಚಿಕ್ಕದರ ಒಂದು ಹಲ್ಲು
ದೊಡ್ಡದರ ಒಂದೊಂದನ್ನೂ ಮುಟ್ಟಿ ಮಾತಾಡಿಸಿ
ಮೊದಲಿನದರ ಬಳಿ ಮರಳುವಾಗ
ದೊಡ್ಡದು ಎಂಟು ಸುತ್ತು ಮುಗಿಸಿರುತ್ತದೆ.
ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.
ಅಷ್ಟು ಹಳೆಯದರಲ್ಲಿ ಸವೆತ ಅಷ್ಟು ಸಮ.

ಲೇತಿನ ಲೂಯಿಸ್ ಕ್ರಾಸ್ತ ಚಹಾ ಹಿಡಿದು ಬಗ್ಗಿದ.
ಸ್ಪ್ರಿಂಗಿನ ಪಟ್ಟಿಯ ಬೆಸುಗೆಗೆ ಟಾರ್ಚು ಬಿಟ್ಟ,
ಮೀನಿನ ಹುರುಪೆಯಂಥ ಆ ಸಾಲು ತಿರುಗಾ ಮಲಗಿತ್ತು.
"ಇದು ಎಡಗೈಯ ವೆಲ್ಡಿಂಗು," ಸ್ವಲ್ಪ ಹೊತ್ತು ಸುಮ್ಮನಾದ,
"ನಮ್ಮ ಪಪ್ಪಾನದ್ದು."

ಬೇಳದಲ್ಲಿ ಪಾಸ್ಕಾಲರಿಗೆ ಎಂಬತ್ತಾರು, ಕಿವಿ ಮಂದ.
ಫೋನಿಗೆ ಮೂವರೂ ಕೊಂಕಣಿಯಲ್ಲಿ ಕಿರುಚಿದೆವು,
ನನಗೆ ಬರುವ ಅಷ್ಟಿಷ್ಟರಲ್ಲಿ ನಾನೂ.
ಆಕ್ಸಲ್! ಯಾವುದರದ್ದು? ಎಲ್ಲಿಂದ?
ಆ ತುದಿಯಲ್ಲಿ ಕಾಗೆ ಕೂಗಿತು, ಕುರ್ಚಿ ಕಿರುಗುಟ್ಟಿತು.
"ಅಲ್ಲೇ ಬಿದ್ದಿತ್ತು," ಅಂದರು, "ಇಟ್ಟೆ. ಕೂತಿತು."
ಎಲ್ಲಿ ಬಿದ್ದಿತ್ತು ಎಂದು ಕೇಳುವಷ್ಟರಲ್ಲಿ
ಗಂಜಿಗೆ ಹೊತ್ತಾಯಿತೆಂದು ಫೋನಿಟ್ಟರು.

ಕೊನೆಗೆ ವರ್ನಿಯರು.
ಒಳಗೆ ಮೂವತ್ತೈದು, ಹೊರಗೆ ಎಪ್ಪತ್ತೆರಡು, ದಪ್ಪ ಹದಿನೇಳು.
ಕಾಸರಗೋಡಿನ ಅಂಗಡಿಯವ ಯಾವ ಗಾಡಿಗೆಂದು ಕೇಳಲೇ ಇಲ್ಲ.
"ಮೋಟರಿಗೂ ಇದೇ ಹೋಗ್ತದೆ" ಎಂದು
ಪುಡಿಕೆ ಕಟ್ಟಿ ಕೊಟ್ಟ.

ಪೆರ್ಲದ ಏರು. ಎರಡನೇ ಗೇರು. ಅಳು ಇಲ್ಲ.
ಬಿಲ್ಲು ಮಲಯಾಳದಲ್ಲಿತ್ತು; ಓದುತ್ತೇನೆ, ಬೆರಳಿಟ್ಟು, ನಿಧಾನ:
ಬೇರಿಂಗ್ ಒಂದು. ಎಣ್ಣೆ. ಕೂಲಿ.
ಕಡೆಯ ಸಾಲು:
ಹಲ್ಲು ಎಣಿಸಿದ್ದು ಟೀಚರ್, ಕಳೆ ಐವತ್ತು ರೂಪಾಯಿ.