ಸಕ್ಕರೆ ಇಲ್ಲದ ಚಹಾ

ಪಾಲಿಸಿಯ ಅಕ್ಷರ ಸಾಸಿವೆಗಿಂತ ಸಣ್ಣವು.
ನಮ್ಮ ರಾಯಚೂರು ಕೋಟೆಗೋಡೆಯ ಉದ್ದಗಲ್ಲಿನಲ್ಲಿ
ಕೊರೆದದ್ದು ದಾರಿಹೋಕರಿಗೆಲ್ಲ ಕಾಣುತ್ತದೆ,
ಅದನ್ನೂ ಯಾರೂ ಓದುವುದಿಲ್ಲ.

ತೀನ್ ಕಂದೀಲಿನ ಹಿಂದೆ ನನ್ನ ಟ್ರಾವೆಲ್ಸು.
ಗಾದಿ ಹೊಲಿಯುವ ಮಾಶುಂಬಿ ಉಮ್ರಾಕ್ಕೆಂದು
ಸೆರಗಿನ ಗಂಟು ಬಿಚ್ಚಿದಳು;
ನೋಟಿಗೆ ಅರಳೆಯ ಎಳೆ ಅಂಟಿತ್ತು.
ಫಾರ್ಮು ತುಂಬುತ್ತ ಕೇಳಿದೆ: ಮೊದಲಿಂದ ಏನಾರ ಜಡ್ಡು?
"ಏನಿಲ್ಲಪ್ಪ, ಗುಂಡುಕಲ್ಲಿನಂಗ ಅದೀನಿ."
ಅಷ್ಟರಲ್ಲಿ ಚಹಾ ಬಂತು.
"ನನಗ ಸಕ್ಕರಿ ಬ್ಯಾಡೋ," ಅಂದಳು ಹುಡುಗನಿಗೆ.
ನಾನು ಕೇಳಿಸಿಕೊಂಡೆ.
'ಇಲ್ಲ'ದ ಮುಂದೆ ರೈಟು ಹಾಕಿದೆ.
ಹೌದೆಂದರೆ ಕಂತು ಒಂಬೈನೂರು ಹೆಚ್ಚು,
ಗಂಟಿನಲ್ಲಿ ಅಷ್ಟು ಇರಲಿಲ್ಲ.

ಮಕ್ಕಾದಲ್ಲಿ ಅಂಗಾಲಿನ ಬೊಬ್ಬೆ ಕೀವಾಯಿತು.
ಹನ್ನೊಂದು ದಿನ ಆಸ್ಪತ್ರೆ, ಎರಡು ಬೆರಳು ಹೋದವು.
ಕಂಪನಿಯ ಇಮೇಲು ಬಂತು, ನನಗೇ:
ಮುಂಚಿನ ಕಾಯಿಲೆ, ಮುಚ್ಚಿಟ್ಟದ್ದು, ಕ್ಲೇಮು ಇಲ್ಲ.
ರಿಯಾಲಿನ ಬಿಲ್ಲನ್ನು ಜೊತೆಗೆ ಹೋದವರು
ಹಂಚಿಕೊಂಡು ಕಟ್ಟಿ ಕರೆತಂದರು.

ಈಗ ಒಬ್ಬೊಬ್ಬರ ಮನೆಗೂ ಗಾದಿ ಹೊಲಿಯುತ್ತಾಳೆ.
ಹದಿನಾಲ್ಕು ಮುಗಿದವಂತೆ, ಇನ್ನು ಇಪ್ಪತ್ತೇಳು.
ಮೊನ್ನೆ ಅಂಗಡಿಗೆ ಬಂದಳು ಕುಂಟುತ್ತ.
ಉಳಿಸಿಟ್ಟ ಝಮ್‌ಝಮ್ ಒಂದು ಬಾಟಲಿ,
ಕಂಕುಳಲ್ಲಿ ತಲೆದಿಂಬು.
"ಫಾರ್ಮು ತುಂಬಿ ಕಳಿಸಿದಾಂವ ನೀನು,
ನಿಂದೂ ಋಣ ಅದ."

ದಿಂಬು ಮೆತ್ತಗಿದೆ.
ಕಪಾಟಿನ ಮೇಲಿಟ್ಟಿದ್ದೇನೆ, ತಲೆ ಇಟ್ಟಿಲ್ಲ.
ಗಿರಾಕಿ ಬಂದರೆ ಮೊದಲು ಚಹಾ ತರಿಸುತ್ತೇನೆ,
ಆಮೇಲೆ ಪೆನ್ನು.